ಎರಡು ಗಿಟಾರಿಗೆ ಒಂದು ಬೀಸುವ ಪದ

ಶಹಾಪುರದ ಆ ಓಣಿಯಲ್ಲಿ ಎರಡು ಗಿಟಾರ್‌ಗಳಿದ್ದವು, ಎರಡೂ ಒಂದೇ ಮನೆಯಲ್ಲಿ. ಮೇಲಿನ ಬಾಡಿಗೆ ಕೋಣೆಗಳಲ್ಲಿದ್ದದ್ದು ನನ್ನದು. ಕೆಳಗೆ ಮನೆ ಮಾಲಕರ ಮಗಳ ಹತ್ತಿರ ಇದ್ದದ್ದು ಅವಳದು. ಉಳಿದ ಊರಿಗೆ ಗಿಟಾರ್ ಅಂದರೆ ಸಿನೆಮಾ ಪೋಸ್ಟರಿನಲ್ಲಿ ಹೀರೋನ ಹೆಗಲಿಗೆ ಜೋತುಬಿದ್ದ ವಸ್ತು, ಅಷ್ಟೇ. ಅದನ್ನು ಸೀರೆ ಉಟ್ಟವರು ಚಾಪೆಯ ಮೇಲೆ ಕೂತು ಬಾರಿಸುತ್ತಾರೆ ಎಂದರೆ ಜನ ಒಮ್ಮೆ ತಿರುಗಿ ನೋಡುತ್ತಿದ್ದರು.

ನಾನು ಸುರಪುರದವಳು. ನಿಜಾಮರ ಕಾಲದಲ್ಲಿ ಉರ್ದು ಓದಿ ವಕೀಲಿ ಮಾಡಿದ ನಮ್ಮಪ್ಪನಿಗೆ, ಮಗಳು ಇಂಗ್ಲಿಷ್ ಓದಲಿ ಎಂಬ ಹುಕಿ ಬಂದು ನನ್ನನ್ನು ಸಿಕಂದರಾಬಾದಿನ ಕಾನ್ವೆಂಟಿಗೆ ಹಾಕಿದರು. ಅಲ್ಲಿ ಕ್ವಾಯರ್‌ಗೆ ಹುಡುಗಿಯರನ್ನು ಆರಿಸುವಾಗ ನನ್ನ ದನಿ ಕೇಳಿದ ಸಿಸ್ಟರ್ ಮೂಲೆಯಲ್ಲಿದ್ದ ಗಿಟಾರ್ ತೆಗೆದು ನನ್ನ ಕೈಗಿಟ್ಟರು. "ಯೂ ಪ್ಲೇ, ಡಿಯರ್" ಅಂದರು. ಹಾಡಬೇಡ ತಾಯಿ ಎನ್ನುವುದನ್ನು ಅಷ್ಟು ಮರ್ಯಾದೆಯಿಂದ ನನಗೆ ಮತ್ತೆ ಯಾರೂ ಹೇಳಿಲ್ಲ. ಹಾಗೆ ಕಲಿತ ಗಿಟಾರ್ ಅದು. ಮದುವೆಯಾದದ್ದು ಕೆನಾಲ್ ಇಂಜಿನಿಯರನ್ನು. ಕಾಲುವೆ ಕೆಲಸದ ಕ್ಯಾಂಪಿನ ಕ್ವಾರ್ಟರ್ಸ್ ಇನ್ನೂ ಗೋಡೆಯ ಎತ್ತರಕ್ಕೆ ಬಂದಿರಲಿಲ್ಲವಾದ್ದರಿಂದ ಬಟ್ಟೆ ಅಂಗಡಿಯವರ ಮಾಳಿಗೆ ಮೇಲೆ ಬಾಡಿಗೆಗಿದ್ದೆವು. ನಮ್ಮವರು ಬೆಳಿಗ್ಗೆ ಜೀಪಿನಲ್ಲಿ ಸೈಟಿಗೆ ಹೋದರೆ ಸಂಜೆ ಹುಬ್ಬಿನ ತನಕ ಮೊರಮಿನ ಧೂಳು ಹೊತ್ತು ಬರುತ್ತಿದ್ದರು. ನಡುವಿನ ಉದ್ದ ಹಗಲಿಗೆ ನನಗೆ ಗಿಟಾರ್ ಒಂದೇ ಕಂಪನಿ.

ಮಾಲಕರ ಮಗಳು ಬಿ.ಎ. ಮುಗಿಸಿ ದೋರನಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದಳು. ಹೈದರಾಬಾದಿನಲ್ಲಿ ಹೋಟೆಲ್ ನಡೆಸುವ ಅವಳ ಸೋದರಮಾವ ಒಮ್ಮೆ ಊರಿಗೆ ಬರುವಾಗ ಗಿಟಾರ್ ತಂದುಕೊಟ್ಟು ಹೋಗಿದ್ದ. ಕಲಿಸುವವರು ಯಾರೂ ಇರಲಿಲ್ಲ. ಅಪ್ಪ ಸೋಮವಾರದ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವುದನ್ನು ಕೇಳಿ ಕೇಳಿ, ಅದೇ ಧಾಟಿಗಳನ್ನು ಸಣ್ಣ ತಂತಿಗಳ ಮೇಲೆ ಹುಡುಕಿಕೊಂಡಿದ್ದಳು. ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ನುಡಿಸುವ ಕಾರ್ಡ್ಸ್ ಎಂಬುದು ಒಂದಿದೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ನನಗೆ ಕಾರ್ಡ್ಸ್ ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ. ಮಾಳಿಗೆಯ ಮೆಟ್ಟಿಲ ಮೇಲೆ ನಾವು ಸ್ನೇಹಿತರಾದದ್ದು ಹೀಗೆ.

ಅವಳಿಗೆ ಆಗ ವರ ನೋಡುತ್ತಿದ್ದರು. ಹಿಂದಿನ ಸಲ ಬಂದವರು ಎಲ್ಲದಕ್ಕೂ ಹೂಂ ಅಂದಿದ್ದರು. ಅವಳ ಅವ್ವ ಗಿಟಾರನ್ನು ಅಲಮಾರಿಯಲ್ಲಿ ಹಾಕಿ ಕೀಲಿ ಜಡಿದಿದ್ದಳು. ಆದರೆ ಇವಳೇ, ಮದುವೆಯಾದ ಮೇಲೆ ಬಾರಿಸಬಹುದೇ ಎಂದು ಕೇಳಿಬಿಟ್ಟಳು. ಅವರು ನಕ್ಕರು. ಇವಳು ಎದ್ದು ಒಳಗೆ ಬಂದಳು. ಸಂಬಂಧ ಅಲ್ಲಿಗೇ ನಿಂತಿತು. ಬಜಾರಿನಲ್ಲಿ ಅವಳ ಅಪ್ಪನಿಗೆ ತಲೆ ಎತ್ತಿ ಓಡಾಡುವುದು ಕಷ್ಟವಾಯಿತು. ಯಾದಗಿರಿಯ ಗೊಬ್ಬರದ ಅಂಗಡಿಯವರು ನೋಡಲು ಬರುತ್ತಾರೆ ಎಂದಾಗ ಅಪ್ಪ ಮಗಳನ್ನು ಕೂಡಿಸಿಕೊಂಡು ಹೇಳಿದರು:

"ಈ ಸಲ ಆ ಡಬ್ಬಿ ಮುಚ್ಚಿಡೂದು ಬ್ಯಾಡ. ಎಲ್ಲಾರ ಮುಂದ ತಗದು ಬಾರಸು. ಅವರು ಒಪ್ಪಿದ್ರ ಅದು ನಿನ್ನ ಸಂಗಡ ಹೋಗ್ತದ. ಅದರ ಸಲುವಾಗಿ ಇದೂ ಮುರೀತು ಅಂದ್ರ, ನಿಮ್ಮ ಮಾಮಾಗ ವಾಪಸ್ ಕಳಸ್ತೀನಿ. ಮುಂದ ನೀ ಅದರ ಹೆಸರು ಎತ್ತಂಗಿಲ್ಲ."

ಅವಳು ಸೀದಾ ಮೇಲೆ ಬಂದಳು.

"ಅಕ್ಕಾರ, ನಾ ಒಬ್ಬಾಕಿನ ಬಾರಿಸಿದ್ರ ಸೊಳ್ಳಿ ಗುಂಯ್‌ಗುಟ್ಟಿದಂಗ ಆಗ್ತದ. ಅದನ್ನ ಕೇಳಿ ಯಾರು ಒಪ್ತಾರ? ನೀವು ಬಾಜೂಕ ಕೂಡಬೇಕು. ಇಬ್ಬರೂ ಕೂಡಿ ಬಾರಸೂವಂಥದ್ದು ಒಂದು ಹಾಡು ಹುಡುಕ್ರಿ."

ನಾನು "ಶೂರ್, ನೋ ಪ್ರಾಬ್ಲೆಮ್" ಅಂದೆ. ಹಾಡಿಗೇನು ಬರ ಎಂದುಕೊಂಡಿದ್ದೆ.

ಅವಳು ಶಾಲೆಯಿಂದ ಬಸ್ಸಿಗೆ ಬಂದ ಮೇಲೆ ಮಾಳಿಗೆಯ ಮೇಲೆ ಬೆಳಕಿಂಡಿಯ ಪಕ್ಕ ಚಾಪೆ ಹಾಸಿಕೊಂಡು ಕೂಡುತ್ತಿದ್ದೆವು. ಬೆಳಕಿಂಡಿಯ ಕೆಳಗೆ ಅಡುಗೆಮನೆ. ಹಾಗಾಗಿ ನಾವು ಬಾರಿಸಿದ್ದು ಕೆಳಗಿಳಿಯುತ್ತಿತ್ತು, ಅವಳವ್ವನ ತೀರ್ಪು ಒಗ್ಗರಣೆಯ ಘಾಟಿನ ಜೊತೆ ಮೇಲೇರುತ್ತಿತ್ತು. ಮೊದಲು ನಾನು ಅವಳಿಗೆ ಕಾರ್ಡ್ಸ್ ಕಲಿಸಿದೆ. ಜಾಣೆ, ಬೇಗ ಕಲಿತಳು. ಇಬ್ಬರೂ ಅದೇ ಕಾರ್ಡ್, ತಂತಿ ಮೀಟುವ ಅದೇ ಸ್ಟ್ರಮ್. ಬಹಳ ಗ್ರ್ಯಾಂಡಾಗಿದೆ ಎಂದುಕೊಂಡೆವು. ಬೆಳಕಿಂಡಿಯಿಂದ ಅವ್ವ ಕೇಳಿದಳು:

"ಈಗ ಇಬ್ಬರೂ ಬಾರಸಾಕತ್ತೀರೋ, ಒಬ್ಬಾಕಿನ ಜೋರ್‌ಲೆ ಬಾರಸಾಕತ್ತ್ಯಾಳೋ?"

ಅಂದರೆ ಎರಡು ತಾಟಿಗೂ ಒಂದೇ ಪಲ್ಯ ಬಡಿಸಿದ ಹಾಗಾಗಿತ್ತು. ಅಂದಿನಿಂದ ಒಬ್ಬಳು ಧಾಟಿ, ಇನ್ನೊಬ್ಬಳು ಆಸರೆ ಎಂದು ಪಾಲು ಮಾಡಿಕೊಂಡೆವು. ಕಾನ್ವೆಂಟಿನ ಒಂದು ಹಿಮ್, ಅಂದರೆ ಚರ್ಚಿನ ಪ್ರಾರ್ಥನಾಗೀತೆ, ತೆಗೆದೆ. ಅದರಲ್ಲಿ ಎರಡು ಗಿಟಾರೂ ಚೆಂದ ಕೂಡುತ್ತಿದ್ದವು. ಅಂಗಡಿ ಮುಚ್ಚಿ ಬಂದ ಅಪ್ಪ ಮೆಟ್ಟಿಲ ಮೇಲೆ ನಿಂತೇ ಪೂರ್ತಿ ಕೇಳಿದರು.

"ಅಮ್ಮಾರ, ಧಾಟಿ ಭಾಳ ಚಲೋ ಅದ. ಆದ್ರ ಹುಡುಗನ ಕಡೆಯವರು ನಾವು ಲಿಂಗಾ ತಗದು ಶಿಲುಬಿ ಕಟಗೊಂಡೀವಿ ಅಂತ ತಿಳ್ಕೋತಾರ."

ಹಿಮ್ ಬಿಟ್ಟೆವು. ಸಿನೆಮಾದ ಒಂದು ಹಾಡಿಗೆ ಕೈ ಹಾಕಿದೆವು. ಅದು ಮಧ್ಯಕ್ಕೆ ಬರುವ ಮೊದಲೇ ಬೆಳಕಿಂಡಿ ಮಾತಾಡಿತು. "ಇದನ್ನ ಕೇಳಿದ್ರ ನನಗ ಗಿಡದ ಸುತ್ತ ಓಡೋರ ಕಾಣ್ತಾರ. ಬೀಗತಿಗೆ ಏನು ಕಾಣಬೇಕು?" ಅದನ್ನೂ ಬಿಟ್ಟೆವು. ಪಕ್ಕದ ಮನೆಯ ಬಾಣಂತಿ ಹಾಡುವ ಜೋಗುಳದ ಧಾಟಿ ನನಗೆ ಬಹಳ ಇಷ್ಟ. ಅದನ್ನು ಶುರು ಮಾಡಿದರೆ ಹುಡುಗಿ ಗಿಟಾರನ್ನು ತೊಡೆಯ ಮೇಲೆ ಬೋರಲು ಹಾಕಿದಳು. "ಅಕ್ಕಾರ, ಇನ್ನೂ ಹುಡುಗನ ಮಾರಿ ನೋಡಿಲ್ಲ. ಅಷ್ಟು ಅವಸರ ಬ್ಯಾಡ."

ಕೊನೆಗೆ ಅಪ್ಪನೇ ಹಾರ್ಮೋನಿಯಂ ಹೊತ್ತುಕೊಂಡು ಮೇಲೆ ಬಂದರು. ಮಗಳ ಗಿಟಾರ್ ವಾಪಸ್ ಕಳಿಸುತ್ತೇನೆ ಎಂದವರು, ಅದು ಉಳಿಯಲಿ ಎಂದು ನಮಗಿಂತ ಹೆಚ್ಚು ಒದ್ದಾಡುತ್ತಿದ್ದರು ಎಂದು ನನಗೆ ಅನಿಸಿದ್ದು ಅವತ್ತು. ಭಜನೆಯ ತತ್ವಪದ ಒಂದನ್ನು ತೋರಿಸಿಕೊಟ್ಟರು. ಅವಳು ಧಾಟಿ ಹಿಡಿದಳು, ನಾನು ದಪ್ಪ ತಂತಿಯ ಮೇಲೆ ತಂಬೂರಿಯ ಹಾಗೆ ಒಂದೇ ಸ್ವರ ಮೀಟುತ್ತ ಹೋದೆ. ಬ್ಯೂಟಿಫುಲ್. ಇದೇ ಅದು ಎಂದುಕೊಂಡೆವು. ಅಷ್ಟರಲ್ಲಿ ಅಪ್ಪನ ಕೈ ಹಾರ್ಮೋನಿಯಂ ಮೇಲೆ ನಿಂತಿತು.

"ಬ್ಯಾಡ ಬ್ಯಾಡ. ಇದರ ಕಡೀ ನುಡಿಯೊಳಗ ಹೆಣಾ ಎತ್ತತಾರ."

ಬೇರೆಯದು ನೆನಪು ಮಾಡಿಕೊಂಡರು. ಕಣ್ಣು ಮುಚ್ಚಿ ಒಳಗೇ ಹಾಡಿಕೊಂಡು ಕೊನೆಯ ನುಡಿಗೆ ಬರುವರು. "ಇದರಾಗೂ ಸಾಯ್ತಾನ." ಮತ್ತೊಂದು. "ಇದರಾಗ ಮನಿ ಖಾಲಿ ಮಾಡಿ ಹೋಗ್ತಾನ. ಹಂಗಂದ್ರನೂ ಸಾಯೂದ." ಮತ್ತೊಂದರಲ್ಲಿ ಗಡಿಗೆ ಒಡೆಯಿತು. ಇಷ್ಟು ವರ್ಷ ಹಾಡಿಕೊಂಡು ಬಂದ ಪದಗಳಲ್ಲಿ ಕನ್ಯಾ ನೋಡಲು ಬಂದವರ ಎದುರು ಬಾರಿಸುವಂಥದ್ದು ಒಂದೂ ಇಲ್ಲ ಎನ್ನುವುದು ಆ ಮನುಷ್ಯನಿಗೆ ಅಂದೇ ಗೊತ್ತಾದದ್ದು. ಹಾರ್ಮೋನಿಯಂ ಹೊತ್ತುಕೊಂಡು ಬಹಳ ಸಪ್ಪಗಾಗಿ ಕೆಳಗಿಳಿದರು. ನಾವಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ನಕ್ಕಾದ ಮೇಲೆ ಅವಳು ತನ್ನ ಗಿಟಾರನ್ನು ಎದೆಗೆ ಒರಗಿಸಿಕೊಂಡಳು. ಯಾದಗಿರಿಯವರು ಬರುವ ದಿನ ಹತ್ತಿರವಾಗುತ್ತಿತ್ತು.

ಹಾಡು ಸಿಕ್ಕಿದ್ದು ತೊಗರಿಯ ರಾಶಿಯಾದಾಗ. ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಗಿತ್ತು. ಆದರೆ ಆ ಮನೆಯಲ್ಲಿ ಬೇಳೆ ಮಾತ್ರ ಬೀಸುಕಲ್ಲಿನಲ್ಲೇ ಒಡೆಯುತ್ತಿದ್ದರು. ಒಂದು ಸಂಜೆ ಕೆಳಗೆ ಅವ್ವ ಮತ್ತು ಪಕ್ಕದ ಮನೆಯಾಕೆ ಎದುರುಬದುರು ಕೂತು ಕಲ್ಲು ತಿರುಗಿಸುತ್ತಿದ್ದರು. ಕಲ್ಲಿನ ಗರಗರ ಬೆಳಕಿಂಡಿಯಿಂದ ಮೇಲೆ ಬರುತ್ತಿತ್ತು. ಅದರ ಮೇಲೆ ಅವ್ವ ಒಂದು ಸಾಲು ಎತ್ತಿದಳು. ಸಾಲಿನ ಬಾಲ ಇನ್ನೂ ಗಾಳಿಯಲ್ಲಿರುವಾಗಲೇ ಪಕ್ಕದ ಮನೆಯಾಕೆ ಅದನ್ನು ಹಿಡಿದುಕೊಂಡು ತನ್ನ ಸಾಲು ಹೇಳಿದಳು. ಆಕೆಯ ಬಾಲವನ್ನು ಅವ್ವ ಹಿಡಿದಳು. ನಡುವೆ ಕಲ್ಲು ಒಮ್ಮೆಯೂ ನಿಲ್ಲಲಿಲ್ಲ.

ಸುರಪುರದಲ್ಲಿ ಸಣ್ಣವಳಿದ್ದಾಗ ಇದನ್ನು ಕೇಳುತ್ತಲೇ ನಿದ್ದೆಯಿಂದ ಏಳುತ್ತಿದ್ದೆ. ಆಮೇಲೆ ಕಾನ್ವೆಂಟಿನ ಬೆಲ್ಲಿಗೆ ಏಳುವುದು ರೂಢಿಯಾಗಿ ಮರೆತುಹೋಗಿತ್ತು. ನಾವು ಇಷ್ಟು ದಿನ ಹುಡುಕಿದ್ದು ಒಬ್ಬರು ಹಾಡುವ ಹಾಡುಗಳನ್ನು. ಅವುಗಳಲ್ಲಿ ಎರಡನೆಯವಳನ್ನು ಎಲ್ಲಿ ಕೂಡಿಸುವುದು ಎಂದು ಒದ್ದಾಡುತ್ತಿದ್ದೆವು. ಇದರಲ್ಲಿ ಎರಡನೆಯವಳ ಜಾಗ ಮೊದಲೇ ಇತ್ತು.

ಹುಡುಗಿ ಆಗಲೇ ಧಾಟಿಯನ್ನು ಸಣ್ಣ ತಂತಿಯ ಮೇಲೆ ಹುಡುಕುತ್ತಿದ್ದಳು. ನಾನು ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಸಮನಾಗಿ ಮೀಟುತ್ತ ಕಲ್ಲಾದೆ. ಅವಳು ಸಾಲು ಎತ್ತಿದಳು. ಬಾಲ ಬಿದ್ದ ಕೂಡಲೇ ನಾನು ಹಿಡಿದೆ, ಆಗ ಅವಳು ಕಲ್ಲಾದಳು. ಮೂರು ಸುತ್ತು ಆಗುವಷ್ಟರಲ್ಲಿ ಕೆಳಗೆ ನಿಜವಾದ ಕಲ್ಲೇ ನಿಂತಿತ್ತು.

"ಬೀಸೂ ಪದಾ ಬಾರಸಾಕತ್ತೀರೇನು?" ಅವ್ವನ ದನಿಯಲ್ಲಿ ನಾಚಿಕೆ ಇತ್ತು. "ಕಲ್ಲಿನ ಮುಂದ ಹೇಳೂದನ್ನ ಕುರ್ಚಿ ಮ್ಯಾಲ ಕುಂತವರ ಮುಂದ ಬಾರಸ್ತೀರಾ?"

ಅಪ್ಪ ಬಂದು ಒಂದೇ ಒಂದು ಪ್ರಶ್ನೆ ಕೇಳಿದರು. "ಇದರಾಗ ಯಾರೂ ಸಾಯಂಗಿಲ್ಲಲಾ?"

"ಇಲ್ರಿ," ಅವ್ವ ಹೇಳಿದಳು. "ಅಣ್ಣ ಬರ್ತಾನ, ಸೀರಿ ತರ್ತಾನ, ಉಂಡು ಹೋಗ್ತಾನ."

ಅಷ್ಟು ಶುಭ ಇನ್ನೇನು ಬೇಕು ಎಂದು ಎಲ್ಲರೂ ಒಪ್ಪಿದೆವು. ನಾವು ತಪ್ಪಿದ್ದು ಅಲ್ಲಿಯೇ. ಬೀಸುವ ಪದಕ್ಕೆ ಧಾಟಿ ಮಾತ್ರ ಊರಿನದು, ಮಾತು ಅವರವರ ಮನೆಯದು. ಕಲ್ಲಿನ ಎದುರು ಕೂತವಳು ತನ್ನ ಹೊಟ್ಟೆಯಲ್ಲಿದ್ದದ್ದನ್ನು ಅದಕ್ಕೆ ಕೂಡಿಸಿಕೊಳ್ಳುತ್ತಾಳೆ. ಅವ್ವನ ಹೊಟ್ಟೆಯಲ್ಲಿ ಅಣ್ಣನಿದ್ದ. ಬೇರೆಯವರ ಹೊಟ್ಟೆಯಲ್ಲಿ ಏನಿದೆ ಎಂದು ನಾವು ಯೋಚಿಸಲಿಲ್ಲ.

ಯಾದಗಿರಿಯವರು ಜೀಪು ಮಾಡಿಕೊಂಡು ಬಂದರು. ಹುಡುಗ, ಅವನ ತಾಯಿ, ಅವನ ಸೋದರಮಾವ, ಮತ್ತು ಅಪ್ಪನ ತಾಯಿಯಾದ ಅಜ್ಜಿ. ಕಾಲುವೆಗೆ ನೀರು ಬಿಟ್ಟ ಹೊಸತು. ಅದನ್ನು ನೋಡಲೆಂದೇ ಹಟ ಮಾಡಿ ಹೊರಟ ಅಜ್ಜಿ ದಾರಿಯಲ್ಲಿ ಜೀಪು ನಿಲ್ಲಿಸಿ, ಕಾಲುವೆಯಲ್ಲಿ ಮುಖ ತೊಳೆದುಕೊಂಡು ಬಂದಿದ್ದರು. ಸೋದರಮಾವ ಮಂಡಕ್ಕಿಯ ಸೂಸಲಾ ತಿನ್ನುತ್ತ ಇನ್ನು ಮುಂದೆ ಜೋಳ ಹೋಗಿ ಭತ್ತ ಬರುವುದು, ಭತ್ತಕ್ಕೆ ಗೊಬ್ಬರ ಎಷ್ಟು ಬೇಕಾಗುವುದು ಎಂದು ನಮ್ಮವರ ತಲೆ ತಿನ್ನುತ್ತಿದ್ದರು. ಹುಡುಗ ತಾಟು ಹಿಡಿದು ಕೇಳುತ್ತಿದ್ದ. ತಾಯಿ ನೆಟ್ಟಗೆ ಕೂತಿದ್ದರು. ನಗುವಂಥ ಮುಖ ಕಾಣಲಿಲ್ಲ.

ಹುಡುಗಿಯನ್ನು ಕರೆದು ಕೂಡಿಸಿದ ಮೇಲೆ ಸೋದರಮಾವ ಎಲ್ಲರೂ ಕೇಳುವುದನ್ನೇ ಕೇಳಿದರು. "ಹಾಡು ಬರ್ತದೇನವಾ?"

"ಹಾಡಾಕ ಬರೂದಿಲ್ರಿ. ಬಾರಸ್ತೀನಿ."

ಎರಡು ಗಿಟಾರ್ ಹೊರಗೆ ಬಂದವು. ಸೋದರಮಾವನ ಕೈಯಲ್ಲಿದ್ದ ಚಮಚ ತಾಟಿಗೆ ಇಳಿಯಿತು. ನಾನು ಕಲ್ಲು ತಿರುಗಿಸಲು ಶುರು ಮಾಡಿದೆ. ಅವಳು ಮೊದಲ ಸಾಲು ಎತ್ತಿದಳು, ಎರಡನೆಯದನ್ನು ನಾನು ಹಿಡಿದೆ. ಮೂರನೆಯದಕ್ಕೆ ಅಜ್ಜಿ ತಲೆಯಾಡಿಸತೊಡಗಿದರು. ನಾನು ಒಳಗೊಳಗೇ ಖುಷಿಪಟ್ಟೆ. ನಾಲ್ಕನೆಯದಕ್ಕೆ ಅಜ್ಜಿ ಬಾಯಿ ತೆರೆದು ಹಾಡಿಯೇಬಿಟ್ಟರು.

ಅವರ ಪದದಲ್ಲಿ ಅಣ್ಣನೂ ಇರಲಿಲ್ಲ, ಸೀರೆಯೂ ಇರಲಿಲ್ಲ. ತುಪ್ಪದ ಗಡಿಗೆ ನೆಲುವಿನ ಮೇಲಿತ್ತು, ಕೀಲಿಕೈ ಅತ್ತೆಯ ಸೊಂಟದಲ್ಲಿತ್ತು. ಸೊಸೆ ನಸುಕಿನಲ್ಲಿ ಎದ್ದು ದೂರದ ಬಾವಿಯಿಂದ ನೀರು ಹೊತ್ತರೆ ಅತ್ತೆ ಒಳಗೆ ಕೂತು ರೊಟ್ಟಿ ಎಣಿಸುತ್ತಿದ್ದಳು. ವಯಸ್ಸಾದರೂ ದನಿ ಗಟ್ಟಿ. ಒಂದೊಂದು ಮಾತೂ ಸ್ಪಷ್ಟವಾಗಿ ಪಡಸಾಲೆಯ ತುಂಬ ಕೇಳಿತು. ಹುಡುಗನ ತಾಯಿಯ ಮುಖ ಇನ್ನಷ್ಟು ಬಿಗಿಯಾಯಿತು. ಬೀಗರ ಮನೆಯಲ್ಲಿ, ಸೊಸೆಯಾಗಿ ಬರುವವಳ ಮುಂದೆ, ಅತ್ತೆಯನ್ನು ಬೈಯುವ ಪದ. ಅದನ್ನು ಎತ್ತಿಕೊಟ್ಟವರು ನಾವು.

"ಯವ್ವಾ, ಸುಮ್ನಿರ್ರಿ," ಸೋದರಮಾವ ಮೆಲ್ಲಗೆ ಅಂದರು. ಒಳಬಾಗಿಲಲ್ಲಿ ಅವ್ವ ಸೆರಗು ಕಚ್ಚಿ ನಿಂತಿದ್ದಳು. ಅಪ್ಪ ನೆಲ ನೋಡುತ್ತಿದ್ದರು. ಹುಡುಗಿಯ ಕೈ ತಂತಿಯ ಮೇಲೆ ನಿಂತುಬಿಟ್ಟಿತು. ನಾನು ಮಾತ್ರ ಹೆಬ್ಬೆರಳು ನಿಲ್ಲಿಸಲಿಲ್ಲ. ಧೈರ್ಯದಿಂದಲ್ಲ, ಏನು ಮಾಡುವುದೆಂದು ತಿಳಿಯದೆ. ಅಜ್ಜಿಯ ಸಾಲು ಮುಗಿದು ಬಾಲ ಗಾಳಿಯಲ್ಲಿ ಉಳಿಯಿತು. ಹಿಡಿಯಬೇಕಾದವಳು ಹುಡುಗಿ. ಹಿಡಿಯಲಿಲ್ಲ.

ಹಿಡಿದದ್ದು ಹುಡುಗನ ತಾಯಿ. ಮುಖದ ಬಿಗಿ ಹಾಗೆಯೇ ಇಟ್ಟುಕೊಂಡು, ಯಾರನ್ನೂ ನೋಡದೆ, ಸಣ್ಣ ದನಿಯಲ್ಲಿ ಹಾಡಿದರು. ಕೀಲಿಕೈ ಬಚ್ಚಿಟ್ಟ ಅತ್ತೆಗೆ ಈಗ ಕಣ್ಣು ಮಂಜು, ಕೀಲಿ ತೆಗೆಯಲು ಸೊಸೆಯನ್ನೇ ಕೂಗುತ್ತಾಳೆ, ಸೊಸೆಯ ರೊಟ್ಟಿ ಎಣಿಸುತ್ತಿದ್ದವಳ ರೊಟ್ಟಿಯನ್ನು ಈಗ ಸೊಸೆ ಎಣಿಸಿ ಬಡಿಸುತ್ತಾಳೆ ಎಂದು.

ಅಜ್ಜಿ ತೊಡೆ ತಟ್ಟಿಕೊಂಡು ನಕ್ಕರು. ಮೊದಲು ಅವರೊಬ್ಬರೇ ನಕ್ಕರು. ಆಮೇಲೆ ತಾಯಿಯ ತುಟಿ ಸಡಿಲಾಯಿತು, ಆಮೇಲೆ ಎಲ್ಲರೂ.

"ಈಕಿ ಬಂದಾಗಿಂದ ಹಿಂಗ ನೋಡವಾ," ಅಜ್ಜಿ ಹುಡುಗಿಗೆ ಹೇಳಿದರು. "ಎದುರಿಗೆ ಒಂದ ಮಾತು ಆಡತಿದ್ದಿಲ್ಲ. ಕಲ್ಲಿನ ಮುಂದ ಕುಂತಳು ಅಂದ್ರ ನನ್ನ ಚರ್ಮಾ ಸುಲೀತಿದ್ಲು. ನಾನೇನು ಕಡಿಮಿ ಅಲ್ಲ, ನಾನೂ ಹೇಳ್ತಿದ್ದೆ. ಬೀಸೂದು ಮುಗೀತು ಅಂದ್ರ ಇಬ್ಬರೂ ಕೂಡಿ ಉಣತಿದ್ವಿ. ಗಿರಣಿ ಬಂದ ಮ್ಯಾಲ ಕಲ್ಲು ಮಾಳಗಿ ಹತ್ತೂ ಜೀನದ ಬುಡಕ ಬಿದ್ದದ. ಈಗ ಸೀದಾ ಜಗಳಾನ."

"ಅತ್ತಿ, ಸಾಕು," ತಾಯಿ ಅಂದರು. ಆದರೆ ಬೇಸರದಿಂದಲ್ಲ.

ಆಗ ಹುಡುಗಿ ಗಿಟಾರ್ ಕೆಳಗಿಡದೆ ಮಾತಾಡಿದಳು. "ಇದು ನನ್ನ ಸಂಗಡ ಬರ್ತದ್ರಿ. ಬ್ಯಾಡ ಅನ್ನೂದಿದ್ರ ಈಗ ಹೇಳಿಬಿಡ್ರಿ."

ಸೋದರಮಾವ ಗಂಟಲು ಸರಿಮಾಡಿಕೊಂಡರು. "ಹಂಗಲ್ಲವಾ. ಮುಂದ ಅಂಗಡಿ, ಹಿಂದ ಮನಿ. ಊರೂರಿನ ರೈತ್ರು ಬಂದು ಕುಂತಿರ್ತಾರ. ಒಳಗ ಸೊಸಿ ಗಿಟಾರ ಬಾರಸ್ಕೋತ ಕುಂತ್ರ..."

"ಕೇಳ್ತಾರ," ಅಂದ ಹುಡುಗ. ಅವನು ಮಾತಾಡಿದ್ದು ಅದೇ ಮೊದಲು. "ಗೊಬ್ಬರದ ಲಾರಿ ತಡಾ ಆದಾಗ ನನ್ನ ಬೈಯೂದಾದ್ರೂ ಕಡಿಮಿ ಆಗ್ತದ ಮಾಮಾ."

ತಾಯಿ ಇಬ್ಬರ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನ ಗಿಟಾರನ್ನೂ ಅವಳ ಗಿಟಾರನ್ನೂ ನೋಡುತ್ತಿದ್ದರು.

"ಇದು ಇಬ್ಬರ ಕೆಲಸ. ಈ ಅಮ್ಮಾರು ನಮ್ಮನಿಗೆ ಬಂದು ಇರಂಗಿಲ್ಲ. ಒಬ್ಬಾಕಿನ ಏನು ಮಾಡ್ತಿ?"

"ಕಲ್ಲು ನಾ ತಿರುವ್ತೀನ್ರಿ. ಪದಾ ನೀವು ಎತ್ತ್ರಿ."

"ನಿನ್ನ ಮ್ಯಾಲೂ ಎತ್ತತೀನಿ ಮತ್ತ."

"ಎತ್ತ್ರಿ. ನಾನೂ ಹಿಡೀತೀನಿ."

ತಾಯಿ ತಮ್ಮ ತಾಟನ್ನು ಬದಿಗೆ ಸರಿಸಿದರು. ಆಮೇಲೆ ಅವ್ವನ ಕಡೆ ತಿರುಗಿ, ಇನ್ನೊಂದು ಕಪ್ಪು ಚಹಾ ಇದ್ದರೆ ಕೊಡಿ ಎಂದು ಕೇಳಿದರು. ನಮ್ಮ ಕಡೆ ಎರಡನೆಯ ಸಲ ಚಹಾ ಕೇಳಿ ಕುಡಿದರೆಂದರೆ ಸಂಬಂಧ ಒಪ್ಪಿದ ಹಾಗೆಯೇ, ಹೇಳುವುದು ಇನ್ನೇನೂ ಉಳಿದಿಲ್ಲ. ಜೀಪು ಓಣಿ ದಾಟಿದ ಮೇಲೆ ಅಪ್ಪ ಗಿಟಾರನ್ನು ಅತ್ತ ಇತ್ತ ತಿರುಗಿಸಿ ನೋಡಿ, ಅಂಗಡಿಯಲ್ಲಿದ್ದ ದಪ್ಪ ನೀಲಿ ಬಟ್ಟೆಯಲ್ಲಿ ಇದಕ್ಕೊಂದು ಗಲೀಫು ಹೊಲಿಸಬೇಕು, ದಾರಿಯಲ್ಲಿ ಧೂಳು ಬಹಳ ಅಂದರು.

ಅವಳ ಗಿಟಾರ್ ಉಳಿಯಿತು. ಮದುವೆಯ ಮರುದಿನ ಹಂಡೆ, ಕೊಡಗಳ ಜೊತೆ ಜೀಪು ಹತ್ತಿತು. ನನಗೆ ಜೋಡಿ ಇಲ್ಲದಂತಾಯಿತು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಸಂತೋಷದ ಮನೆಯಲ್ಲಿ ಹೇಳುವ ಮಾತೇ ಅದು? ಚಾಪೆ ಹಾಸಿ ಬೆಳಕಿಂಡಿಯ ಪಕ್ಕ ಕೂತು ನಾನೊಬ್ಬಳೇ ಕಲ್ಲು ತಿರುಗಿಸುತ್ತಿದ್ದೆ. ಕೆಳಗಿನಿಂದ ಅವ್ವ, "ಅಮ್ಮಾರ, ಬರೇ ಕಲ್ಲ ಬೀಸಾಕತ್ತೀರಿ, ಕಾಳು ಹಾಕ್ರಿ" ಎನ್ನುತ್ತಿದ್ದಳು. ಅವಳಿಗೂ ಮಗಳ ನೆನಪು ಇತ್ತು, ಹೀಗೆ ಹೇಳುತ್ತಿದ್ದಳು ಅಷ್ಟೇ.

ಮುಂದೆ ಹೈದರಾಬಾದಿಗೆ ಹೋಗುವಾಗ ಒಮ್ಮೆ ಯಾದಗಿರಿಯಲ್ಲಿ ರೈಲಿಗೆ ಬಹಳ ಸಮಯವಿತ್ತು. ಗಿಟಾರ್ ಹಿಡಿದುಕೊಂಡೇ ಅವರ ಮನೆಗೆ ಹೋದೆ. ಮುಂದೆ ಅಂಗಡಿಯಲ್ಲಿ ಜನ, ಯೂರಿಯಾದ ವಾಸನೆ. ಹಿಂದಿನ ಪಡಸಾಲೆಯಲ್ಲಿ ಅವಳು ನನ್ನನ್ನು ಕಂಡವಳೇ ಗಲೀಫು ಬಿಚ್ಚಿದಳು. ಇಬ್ಬರೂ ತಂತಿ ಕೂಡಿಸಿಕೊಂಡೆವು. ಅವಳು ಕಲ್ಲು ತಿರುಗಿಸುತ್ತ ಒಂದು ಸಾಲು ಎತ್ತಿದಳು. ಬಾಲ ಬಿತ್ತು. ಹಿಡಿಯಲು ನಾನು ಬೆರಳು ಇಡುವಷ್ಟರಲ್ಲಿ ಅಡುಗೆಮನೆಯಿಂದ ಅವಳತ್ತೆಯ ದನಿ ಬಂತು.

"ಅಮ್ಮಾರ, ತಡೀರಿ. ಅದು ನನ್ನ ಪಾಳಿ."

ತಂತಿ ಮೀಟುವ ಸೊಸೆಯ ಹಂಚಿನ ಮೇಲೆ ರೊಟ್ಟಿ ಕರಿಯಾಗಿ, ಓಣಿಯ ನಾಯಿಯೂ ಮೂಸಿ ಹೋಯಿತೆಂದು ಹಾಡು ಬಂತು. ಸೊಸೆ ನಗುತ್ತಲೇ ಹಿಡಿದಳು. ಹೆಬ್ಬೆರಳು ತಪ್ಪಲಿಲ್ಲ. ಅತ್ತೆ ಮತ್ತೆ ಎತ್ತಿದರು. ನಾನು ನನ್ನ ಗಿಟಾರ್ ಸದ್ದು ಮಾಡದಂತೆ ತಂತಿಗಳ ಮೇಲೆ ಅಂಗೈ ಇಟ್ಟುಕೊಂಡು, ನನಗೆಂದು ತಂದಿಟ್ಟ ಚಹಾ ಆರಿ ಕೆನೆಗಟ್ಟುವ ತನಕ ಕೇಳುತ್ತ ಕುಳಿತೆ.